ಗೇಟು ತಟ್ಟಬೇಡಿ, ಕೂಗಿ

ಅವಳು ಲಾರಿಯ ಕೆಳಗೆ ಸೊಂಟದವರೆಗೆ ತೂರಿಕೊಂಡಿದ್ದಾಗ ಗೇಟಿನ ಹೊರಗಿಂದ ಯಾರೋ ಕೂಗಿದರು.

"ಅಕ್ಕಾ... ನಾನು, ಎದುರುಮನೆ ಟೀಚರು! ಒಳಗೆ ಬರ್ಲಾ?"

ಸಾವಿನ ಮನೆಯ ಮುಂದೆ ನಿಂತು ಹೀಗೆ ಗಂಟಲು ಹರಿದುಕೊಳ್ಳುವುದು ಯಾರಿಗೆ ತಾನೇ ಇಷ್ಟ? ಆದರೆ ಗೇಟಿಗೆ ನೇತುಹಾಕಿದ ತಗಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಗೇಟು ತಟ್ಟಬೇಡಿ. ಕೂಗಿ." ಬರೆದವನು ನಡುಮನೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ. ಹದಿನಾಲ್ಕು ವರ್ಷ ಪಾಲಿಸಿದ ಮಾತನ್ನು ಇವತ್ತೇ ಮುರಿಯಲು ಬೀದಿಯಲ್ಲಿ ಒಬ್ಬರಿಗೂ ಮನಸ್ಸು ಬಂದಿರಲಿಲ್ಲ.

"ಬನ್ನಿ ಟೀಚರೇ, ಒಳಗೆ ಕೂತಿರಿ. ನನಗೆ ಇನ್ನರ್ಧ ಗಂಟೆ ಕೆಲ್ಸ ಇದೆ," ಅಂದಳು ಅವಳು ಕೆಳಗಿಂದಲೇ.

ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಗಂಡನ ಖಾಕಿ ಕೋಟು ಹಾಕಿಕೊಂಡಿದ್ದಳು. ಅದರ ತೋಳು ಉದ್ದ, ಎರಡು ಮಡಿಕೆ ಮಡಚಬೇಕಾಗಿತ್ತು. ಮಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೇಡಿಕೊಳ್ಳುತ್ತಿದ್ದ.

"ಅಮ್ಮ, ದಮ್ಮಯ್ಯ ಅಂತೀನಿ, ಎದ್ದು ಬಾ. ಜನ ಏನಂದ್ಕೋತಾರೆ? ಹತ್ತೂವರೆಗೆ ವ್ಯಾನು ಬರುತ್ತೆ. ಎಲ್ಲರ ಥರ ಅಪ್ಪಾನೂ ವ್ಯಾನಲ್ಲೇ ಹೋಗ್ಲಿ."

"ನಿಮ್ಮಪ್ಪ ಎಲ್ಲರ ಥರ ಬದುಕಿದ್ರಾ, ಎಲ್ಲರ ಥರ ಹೋಗೋಕೆ?"

ಮೈದುನ ಬಂಪರಿಗೆ ಕೈಯೂರಿ ನಿಂತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು. ಈ ಮನೆಯಲ್ಲಿ ಇಷ್ಟು ದೊಡ್ಡ ಗಾಡಿ ಓಡಿಸಬಲ್ಲವನು ಅವನೊಬ್ಬನೇ.

"ನೋಡಿ ಅತ್ತಿಗೆ, ಪೆಡಲ್ ಒತ್ತಿದ್ರೆ ಕಲಸಿದ ಹಿಟ್ಟಿಗೆ ಕಾಲಿಟ್ಟ ಹಾಗೆ ಒಳಗೆ ಹೋಗುತ್ತೆ. ಸ್ಮಶಾನದ ರಸ್ತೆ ಪೂರಾ ಇಳಿಜಾರು. ಬ್ರೇಕ್ ಇಲ್ದೆ ನಾನು ಒಂದಡಿ ಓಡ್ಸಲ್ಲ. ಅಣ್ಣನ್ನ ಕಳ್ಸೋಕೆ ಹೋಗಿ ಎಲ್ಲರೂ ಅವನ ಜೊತೆಗೇ ಹೋಗ್ಬೇಕಾಗುತ್ತೆ."

"ಬ್ರೇಕ್ ಬಂದ್ರೆ ಓಡಿಸ್ತೀಯ ತಾನೇ?"

"ಬಂದ್ರೆ ಓಡಿಸ್ತೀನಿ."

"ಹಾಗಾದ್ರೆ ಬಾಯಿ ಮುಚ್ಕೊಂಡು ನಿಂತ್ಕೊ."

ಅವಳು ಪಟ್ಟು ಹಿಡಿಯಲು ಕಾರಣವಿತ್ತು. ಗುಜರಿಯವನ ಜೊತೆ ಮಗ ನಿನ್ನೆ ಫೋನಿನಲ್ಲಿ ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತು. "ಮುಂದಿನ ವಾರ ಬಂದು ಕತ್ತರಿಸಿಕೊಂಡು ಹೋಗಿ," ಅಂದಿದ್ದ. ಇವತ್ತು ಗೇಟು ದಾಟದಿದ್ದರೆ ಈ ಲಾರಿ ಮುಂದೆ ದಾಟುವುದು ತುಂಡು ತುಂಡಾಗಿಯೇ. ಅದನ್ನು ನೋಡಿಕೊಂಡು ಕೂರಲು ಅವಳು ತಯಾರಿರಲಿಲ್ಲ.

*

ಹತ್ತೊಂಬತ್ತು ವರ್ಷದ ಹಿಂದೆ ಅದು ಇನ್ನೊಂದು ಲಾರಿಯ ಬಾಲ ಹಿಡಿದು, ಟೈರಿಲ್ಲದೆ ಕಿರುಗುಟ್ಟುತ್ತ ಅಂಗಳಕ್ಕೆ ಬಂದಿತ್ತು. ಬಾನೆಟ್ಟಿನ ತೂತಿನಿಂದ ಒಂದು ಗಿಡ ತಲೆ ಹೊರಹಾಕಿತ್ತು. ಅವಳು ಕಣ್ಣುಬಾಯಿ ಬಿಟ್ಟು ನೋಡಿದಳು.

"ಏನ್ರೀ ಇದು?"

"ಲಾರಿ."

"ಲಾರಿ ಅಂತ ನನಗೂ ಕಾಣುತ್ತೆ. ಯಾಕೆ ಅಂತ ಕೇಳ್ದೆ."

"ಯುದ್ಧ ನೋಡಿ ಬಂದಿರೋ ಲಾರಿ ಕಣೇ. ನಮ್ಮ ಆಫೀಸಿನ ಹಿತ್ತಿಲಲ್ಲಿ ಬಿದ್ದಿತ್ತು. ಗುಜರಿಗೆ ಹಾಕ್ತಿದ್ರು. ಪಾಪ ಅನ್ನಿಸ್ತು."

"ನನ್ನ ನೋಡಿದ್ರೆ ಯಾವತ್ತಾದ್ರೂ ಪಾಪ ಅನ್ಸಿದ್ಯಾ?"

ಅವನು ನಕ್ಕ. "ಎರಡೇ ವರ್ಷ ಕೊಡು. ಮೊದಲ್ನೇ ಸಲ ಗೇಟು ದಾಟುವಾಗ ಪಕ್ಕದ ಸೀಟಲ್ಲಿ ನೀನೇ ಕೂತಿರ್ತೀಯ."

ಮನೆ ಮನೆಗೆ ಹೋಗಿ ನೀರಿನ ಮೀಟರು ಓದಿ ಬರುವ ಕೆಲಸ ಅವನದು. ಹಲ್ಲಿ ಕಂಡರೆ ಕುರ್ಚಿ ಹತ್ತುವ ಮನುಷ್ಯ. ಅಂಥವನಿಗೆ ಬೀದಿಯವರು "ಮಿಲಿಟ್ರಿ" ಎಂದು ಹೆಸರಿಟ್ಟರು, ಅವನೂ ಕರೆದಾಗ ಓಗೊಟ್ಟ. ಅವಳು ಲಾರಿಗೆ "ಸವತಿ" ಎಂದು ಹೆಸರಿಟ್ಟಳು. ಬೈದುಕೊಂಡೇ ಸವತಿಗೆ ಸೀಟಿನ ಕವರು ಹೊಲಿದಳು, ಮೇಲಿನ ಕ್ಯಾನ್ವಾಸು ಹೊಲಿದಳು. ಸ್ಕೂಲು ಬ್ಯಾಗು ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವಳು, ದಪ್ಪ ಬಟ್ಟೆ ಅವಳಿಗೆ ಹೊಸದೇನಲ್ಲ.

ಎರಡು ವರ್ಷ ಐದಾಯಿತು. ಐದನೆಯ ವರ್ಷ ಎಂಜಿನ್ ಹೊಗೆ ಕಕ್ಕಿ ಎದ್ದಿತು. ಅವತ್ತು ಅವನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗಳದಲ್ಲೇ ಆರಡಿ ಮುಂದೆ, ಆರಡಿ ಹಿಂದೆ ಓಡಿಸಿದ. ಆಮೇಲೆ ಪ್ರತಿ ಭಾನುವಾರ ಅಷ್ಟೇ. ಗೇಟಿನತ್ತ ತಿರುಗಿಸುವ ಹೊತ್ತಿಗೆ ಏನಾದರೊಂದು ಅವನ ಕಣ್ಣಿಗೆ ಬೀಳುತ್ತಿತ್ತು. ಒಂದು ಬೋಲ್ಟಿನ ಹಸಿರು ಪಕ್ಕದ ಬೋಲ್ಟಿನ ಹಸಿರಿಗೆ ಹೊಂದಲಿಲ್ಲವೆಂದು ಇಡೀ ಬಾಗಿಲು ಬಿಚ್ಚಿದ್ದೂ ಉಂಟು. ಮುಗಿಯಿತು ಎಂಬ ಮಾತು ಆ ಮನುಷ್ಯನ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ಅವನ ಕೆಲಸಗಳಲ್ಲಿ ಅವಳಿಲ್ಲದೆ ಆಗದಿದ್ದದ್ದು ಒಂದೇ, ಬ್ರೇಕಿನ ಪೈಪಿನಿಂದ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದಿನ ತಿರುಪು ಸಡಿಲಿಸಿ, ಗುಳ್ಳೆ ಗುಳ್ಳೆಯಾಗಿ ಎಣ್ಣೆ ಹೊರಬಂದಮೇಲೆ ಬಿಗಿಮಾಡಬೇಕು. ಬಿಗಿಮಾಡುವ ಮೊದಲು ಮೇಲಿನವರು ಕಾಲು ತೆಗೆದರೆ ಗಾಳಿ ವಾಪಸು ಒಳಗೆ ಹೋಗುತ್ತದೆ, ಮಾಡಿದ್ದೆಲ್ಲ ಮಣ್ಣುಪಾಲು. ಕೆಳಗಿಂದ ಆಡಿದ ಮಾತು ಡ್ರೈವರ್ ಸೀಟಿಗೆ ಗೊಣಗಾಟದ ಹಾಗೆ ಕೇಳುತ್ತಿತ್ತು. ಹಾಗಾಗಿ ತಿರುಪು ತಿರುಗಿಸುವ ಕಬ್ಬಿಣದ ಪಾನದಿಂದ ಬಡಿಯುವುದೆಂದು ಗಂಡ ಹೆಂಡತಿ ಗೊತ್ತುಮಾಡಿಕೊಂಡರು. ಒಂದು ಸಲ ಬಡಿದರೆ, ಒತ್ತು. ಎರಡು ಸಲ ಬಡಿದರೆ, ಆಯಿತು, ಕಾಲು ತೆಗೆ.

ಒಂದು ಭಾನುವಾರ ಮೂರು ತಾಸು ಒದ್ದಾಡಿ ಕೊನೆಯ ಚಕ್ರಕ್ಕೆ ಬಂದಿದ್ದರು. ಟಕ್, ಟಕ್ ಎಂದಿತು. ಅವಳು ಕಾಲು ತೆಗೆದಳು. ಕೆಳಗಿಂದ "ಅಯ್ಯೋ!" ಎಂಬ ಕೂಗು. ಬಡಿದದ್ದು ಅವನಲ್ಲ, ಎದುರುಮನೆ ಟೀಚರು ಗೇಟು ತಟ್ಟಿದ್ದರು! ಅವನು ಮುಖದ ತುಂಬ ಎಣ್ಣೆ ಬಳಿದುಕೊಂಡು ಹೊರಗೆ ಬಂದ. ಬೈಯುತ್ತಾನೆಂದುಕೊಂಡಳು. ಅವನು ಒಂದು ತಗಡು ಹುಡುಕಿ ಬಣ್ಣದ ಡಬ್ಬಿ ತೆರೆದ.

*

"ನೀನು ಮೇಲೆ ಹತ್ತು," ಅಂದಳು ಅವಳು ಮಗನಿಗೆ. "ಒಂದು ಸಲ ಬಡಿದ್ರೆ..."

"ಗೊತ್ತು," ಅಂದ ಅವನು, ಮುಖ ಊದಿಸಿಕೊಂಡೇ. "ಒಂದು ಅಂದ್ರೆ ಒತ್ತೋದು, ಎರಡು ಅಂದ್ರೆ ಬಿಡೋದು. ಈ ಮನೇಲಿ ಬೆಳೆದಿದೀನಿ ನಾನು."

ಅವನು ಆ ಸೀಟಿನಲ್ಲಿ ಎಂದೂ ಕೂತವನಲ್ಲ. ಹತ್ತು ವರ್ಷದವನಾಗಿದ್ದಾಗ ನಾನೂ ಬರ್ತೀನಿ ಎಂದು ಹಟ ಮಾಡಿದ್ದ, ಕಾಲು ಎಟಕುವುದಿಲ್ಲವೆಂದು ಅಪ್ಪ ಕಳಿಸಿಬಿಟ್ಟಿದ್ದ. ಕಾಲು ಎಟಕುವ ಹೊತ್ತಿಗೆ ಇವನೇ ಬರಲೊಲ್ಲೆನೆಂದ. ಇಬ್ಬರಿಗೂ ಬಿಗುಮಾನ.

ಅವಳು ತಿರುಪಿಗೆ ಪಾನ ಕೂರಿಸಿದಳು. ಡ್ರೈವರ್ ಪಕ್ಕದ ಮುಂದಿನ ಚಕ್ರ, ನಾಲ್ಕನೆಯದು. ಹೋದ ಭಾನುವಾರ ಮೂರು ಮುಗಿಸಿ ಗಂಡ ಎದೆ ನೀವಿಕೊಂಡಿದ್ದ. "ಇದೊಂದು ನಾಳೆ ಮಾಡೋಣ ಕಣೇ," ಅಂದಿದ್ದ. "ನಿಮ್ಮ ನಾಳೆಗೆ ಹತ್ತೊಂಬತ್ತು ವರ್ಷ ಆಯ್ತು," ಎಂದು ಇವಳು ರೇಗಿದ್ದಳು. ಸೋಮವಾರ ಬೆಳಿಗ್ಗೆ ಅವನು ಏಳಲಿಲ್ಲ. ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ರೇಗಿದ್ದೇ ಕೊನೆಯ ಮಾತಾಯಿತಲ್ಲ ಎಂದು ಹೊಳೆದದ್ದು ಆಮೇಲೆ.

ಒಂದು ಸಲ ಬಡಿದಳು. ಮಗ ಒತ್ತಿ ಹಿಡಿದ. ತಿರುಪು ಸಡಿಲಿಸಿದಳು, ಎಣ್ಣೆ ಗುಳುಗುಳು ಎಂದು ರಬ್ಬರು ನಳಿಗೆಯಲ್ಲಿ ಇಳಿದು ಗಾಜಿನ ಸೀಸೆಗೆ ಬಿತ್ತು. ಬಿಗಿಮಾಡಿ ಎರಡು ಸಲ ಬಡಿದಳು. ಮತ್ತೆ ಒಂದು. ಮತ್ತೆ ಎರಡು. ಮೈದುನ ಸದ್ದಿಲ್ಲದೆ ಬ್ರೇಕ್ ಎಣ್ಣೆಯ ಡಬ್ಬಿ ತಂದು ಮೇಲಿಂದ ಸುರಿಯತೊಡಗಿದ. ಏಳನೆಯ ಸಲಕ್ಕೆ ಗುಳ್ಳೆ ಸಣ್ಣದಾಯಿತು. ಒಂಬತ್ತನೆಯ ಸಲ ಒತ್ತಿಸಿ ತಿರುಪು ಸಡಿಲಿಸಿದ್ದಾಳೆ, ಎಣ್ಣೆ ಒಂದೂ ಗುಳ್ಳೆಯಿಲ್ಲದೆ ನೂಲಿನಂತೆ ಇಳಿಯುತ್ತಿದೆ...

ಟಕ್, ಟಕ್.

ಅವಳು ಬಡಿದಿರಲಿಲ್ಲ.

"ಅದು ಗೇಟು ಅಮ್ಮಾ!" ಮೇಲಿಂದ ಮಗ ಕಿರುಚಿದ. "ಗೇಟು! ನಾನು ಕಾಲು ತೆಗ್ದಿಲ್ಲ! ನೀನು ಬಿಗಿ ಮಾಡು!"

ಅವಳು ಎರಡೂ ಕೈಯಿಂದ ಪಾನ ತಿರುಗಿಸಿದಳು. ತಿರುಪು ಕಚ್ಚಿ ನಿಂತಮೇಲೆ ಎರಡು ಸಲ ಬಡಿದು, ಅಲ್ಲೇ ನೆಲಕ್ಕೆ ತಲೆಯಿಟ್ಟು ಅತ್ತಳು. ಮೂರು ದಿನದಲ್ಲಿ ಅದೇ ಮೊದಲು. ಕೆಳಗೆ ಯಾರೂ ನೋಡುವವರಿರಲಿಲ್ಲ, ಹೊಟ್ಟೆ ತುಂಬ ಅತ್ತಳು.

ಗೇಟಿನಲ್ಲಿ ನಿಂತಿದ್ದವನು ವ್ಯಾನಿನ ಡ್ರೈವರು. ಬೀದಿಗೆ ಹೊಸಬ, ಬೋರ್ಡು ನೋಡಿರಲಿಲ್ಲ. ಆಗಲೇ ಟೀಚರು ಓಡಿಬಂದು ಅವನನ್ನು ತರಾಟೆಗೆ ತೆಗೆದುಕೊಂಡಿದ್ದರು.

"ಕಣ್ಣು ಕಾಣಲ್ವೇನ್ರೀ ನಿಮಗೆ? ಕೂಗಿ ಅಂತ ಅಷ್ಟು ದೊಡ್ಡದಾಗಿ ಬರೆದಿದೆ!"

"ಸಾವಿನ ಮನೆ ಮುಂದೆ ಕೂಗೋದಾ ಮೇಡಂ?"

"ಹೂಂ, ಕೂಗೋದೇ. ಒಂದ್ಸಲ ತಟ್ಟಿ ನಾನು ಪಟ್ಟ ಪಾಡು ನನಗೆ ಗೊತ್ತು!"

ಮೈದುನ ಸೀಟಿಗೆ ಹತ್ತಿ ಪೆಡಲ್ ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿದ. ಕೆಳಗಿಳಿದು ಅತ್ತಿಗೆಯ ಮುಖ ನೋಡಿದ. ಅದರ ತುಂಬ ಎಣ್ಣೆ ಮೆತ್ತಿತ್ತು.

"ಕಲ್ಲಿನ ಹಾಗಿದೆ ಅತ್ತಿಗೆ. ಮುಖ ತೊಳ್ಕೊಳ್ಳಿ. ಹೊರಡೋಣ."

ಪೆಟ್ಟಿಗೆಯನ್ನು ಆರು ಜನ ಎತ್ತಿ ಹಿಂದೆ ಇಟ್ಟರು. ಕ್ಯಾನ್ವಾಸು ಕಟ್ಟುವಾಗ ಮಗ ಅವಳು ಹೊಲಿದ ಅಂಚನ್ನು ಎರಡೆರಡು ಸಲ ಎಳೆದು ನೋಡಿದ. ಗುಜರಿಯವನಿಗೆ ಬರಬೇಡವೆಂದು ಹೇಳುತ್ತೀಯಾ ಎಂದು ಅವಳು ಕೇಳಲಿಲ್ಲ. ಅವನು ತಾನಾಗಿಯೇ ಅಂದ: "ಎಂಜಿನ್ ಕೆಳಗೆ ಎಣ್ಣೆ ಜಿನುಗ್ತಿದೆ ಅಮ್ಮ. ಮುಂದಿನ ಭಾನುವಾರ ನೋಡ್ಬೇಕು."

ಅವಳು ಪಕ್ಕದ ಸೀಟಿನಲ್ಲಿ ಕೂತಳು. ಗೇಟಿನ ಎರಡೂ ಬಾಗಿಲು ತೆರೆದವು. ಸವತಿ ಗುಡುಗುಡು ಎಂದು ಆರಡಿ ಮುಂದೆ ಬಂತು, ಅಭ್ಯಾಸದಿಂದ ಅವಳ ಕೈ ಡ್ಯಾಶ್‌ಬೋರ್ಡು ಹಿಡಿದುಕೊಂಡಿತು, ಇನ್ನು ನಿಲ್ಲುತ್ತದೆಂದು. ನಿಲ್ಲಲಿಲ್ಲ. ಏಳನೆಯ ಅಡಿ, ಎಂಟನೆಯದು, ಗೇಟಿನ ಕಂಬ ಕಿಟಕಿಯ ಪಕ್ಕದಲ್ಲೇ ಹಿಂದೆ ಸರಿಯಿತು. ಬೀದಿಯವರು ಎರಡೂ ಕಡೆ ನಿಂತಿದ್ದರು. "ಮಿಲಿಟ್ರಿ ಹೊರಟ ನೋಡು!" ಎಂದು ಯಾರೋ ಕೂಗಿದರು, ಯಾರೂ ಅವರನ್ನು ಗದರಲಿಲ್ಲ. ಖಾಲಿ ವ್ಯಾನು ಹಿಂದೆ ಬಂತು, ಕೆಟ್ಟು ನಿಂತರೆ ಇರಲಿ ಅಂತ.

ಇಳಿಜಾರಿನಲ್ಲಿ ಮೈದುನ ಕಾಲಿಟ್ಟಾಗಲೆಲ್ಲ ಲಾರಿ ಹೇಳಿದ ಮಾತು ಕೇಳಿತು.

ಸ್ಮಶಾನದಲ್ಲಿ ಮಣ್ಣು ತೆಗೆದು ಸಿದ್ಧವಾಗಿತ್ತು. ಹಗ್ಗ ಹಿಡಿದವರು ಇಳಿಸಲು ಬಗ್ಗಿದರು.

"ಒಂದು ನಿಮಿಷ," ಅಂದಳು ಅವಳು.

ಖಾಕಿ ಕೋಟಿನ ಜೇಬಿಗೆ ಕೈಹಾಕಿ ಪಾನ ತೆಗೆದಳು. ಮಂಡಿಯೂರಿ, ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡು ಸಲ ಬಡಿದಳು.

ಪಕ್ಕದಲ್ಲಿ ನಿಂತಿದ್ದ ಮಗನ ಬಲಗಾಲು ತಾನಾಗಿ ನೆಲದಿಂದ ಅರ್ಧ ಇಂಚು ಮೇಲೆದ್ದಿತು.