ಚೊಕ್ಕ ಪುಸ್ತಕ

ಪುನಾತಾ ಊರಿನ ನಮ್ಮ ಶಾಲೆಯಲ್ಲಿ ಉತ್ತರವನ್ನು ನೀಲಿ ಶಾಯಿಯಲ್ಲಿ ಬರೆದು, ಸ್ಕೇಲಿಟ್ಟು ಕೆಂಪು ಗೆರೆ ಎಳೆಯದಿದ್ದರೆ ಅದು ಉತ್ತರವೇ ಅಲ್ಲ. ನಾನು ಕಲಿತದ್ದೂ ಹಾಗೆ, ಊರವರಿಂದ 'ಪ್ರೊಫೆ' ಎನ್ನಿಸಿಕೊಂಡು ಹತ್ತೊಂಬತ್ತು ವರ್ಷ ಕಲಿಸಿದ್ದೂ ಹಾಗೆ. ಈ ಮಾರ್ಚಿನಲ್ಲಿ ಒಂದು ದಿನ ಕೈತಪ್ಪಿ ಬೋರ್ಡಿನ ಮೇಲೆ ಏಳೆಂಟಲಿ ಐವತ್ತನಾಲ್ಕು ಎಂದು ಬರೆದೆ. ಮೂವತ್ತೊಂದು ಮಕ್ಕಳೂ ಮಕ್ಕಿಕಾಮಕ್ಕಿ ಇಳಿಸಿಕೊಂಡು ಕೆಂಪು ಗೆರೆ ಎಳೆದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ನನ್ನ ಸಾಧನೆ ನೋಡಿ ನನಗೇ ಹೆದರಿಕೆಯಾಯಿತು.

ಮರುದಿನವೇ ಹೊಸ ಕಟ್ಟಳೆ ಮಾಡಿದೆ. ತಪ್ಪನ್ನು ಅಳಿಸಬಾರದು, ಅಡ್ಡಗೆರೆ ಹೊಡೆದು, ಯಾಕೆ ತಪ್ಪಾಯಿತೆಂದು ಪಕ್ಕದಲ್ಲೇ ಬರೆಯಬೇಕು. ನಾನು ತಪ್ಪಿದರೂ ಹೇಳಬೇಕು. ಮಿಕ್ಕವರು ಕೋಲೆ ಬಸವನ ಹಾಗೆ ತಲೆಯಾಡಿಸಿ ಸುಮ್ಮನಾದರು. ಸುಲ್ಮಾ ಮಾತ್ರ, ಹತ್ತು ವರ್ಷದ ಮೂಗಿಯಂಥ ಹುಡುಗಿ, ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಂದು ಬೆಳಿಗ್ಗೆ ನಾನು ಬೋರ್ಡಿನ ಮೇಲೆ ಕೂಡುವ ಲೆಕ್ಕ ಮಾಡುತ್ತಿದ್ದಾಗ ಕೈ ಎತ್ತಿದಳು.

"ಪ್ರೊಫೆ, ಕೈಯಲ್ಲಿದ್ದ ಒಂದನ್ನ ಕೂಡ್ಸೋಕೆ ಮರ್ತ್ರಿ."

ನನಗೆ ಅಳು ಬರುವಷ್ಟು ಖುಷಿಯಾಯಿತು.

ಆ ಖುಷಿ ಮೂರು ವಾರ ಬಾಳಿತು. ಸುಲ್ಮಾಳ ತಾಯಿ ದೋನ್ಯಾ ಎವುಸೇಬಿಯಾ, ಸಂತೆಯಲ್ಲಿ ಶೇಂಗಾ ಸಾರು ಮಾರುವವಳು, ಮಗಳ ಲೆಕ್ಕದ ಪುಸ್ತಕ ಹಿಡಿದು ನೇರ ತರಗತಿಗೇ ಬಂದಳು.

"ನಾನು ಹೆಬ್ಬೆಟ್ಟಿನವ್ಳು ಪ್ರೊಫೆ, ಆದ್ರೆ ಕುರುಡಿ ಅಲ್ಲ. ಹೋದ್ ವರ್ಷದ ಪುಸ್ತಕ ಸಾರು ಕುಡಿಯೋಕೆ ಬಂದೋರಿಗೆಲ್ಲ ತೋರಿಸ್ತಿದ್ದೆ. ಇದು ನೋಡಿ, ಕೋಳಿ ಕೆದರಿದ ಹಾಗಿದೆ! ನನ್ ಮಗಳನ್ನ ಏನ್ ಮಾಡಿದ್ರಿ?"

"ಅವಳೀಗ ಯೋಚನೆ ಮಾಡ್ತಾಳೆ, ದೋನ್ಯಾ."

"ಯೋಚನೆ ಮಾಡೋಕೆ ಸಂತೆ ಇದೆ. ಶಾಲೇಲಿ ಚೊಕ್ಕಗೆ ಬರೀಲಿ."

ಅವಳಿಗೆ ಎದುರು ನಿಂತೆ. ಆದರೆ ಶುಕ್ರವಾರ ಮುಖ್ಯೋಪಾಧ್ಯಾಯ ದೋನ್ ರೆಮಿಹಿಯೋ ಪುಸ್ತಕ ತಪಾಸಣೆಗೆ ಬರುವವರಿದ್ದರು. ದೂರು ಅವರ ಕಿವಿಗೂ ಬಿದ್ದಿತ್ತು. ನನ್ನ ಧೈರ್ಯ ಅಲ್ಲಿಯವರೆಗೆ ಮಾತ್ರ. ಸುಲ್ಮಾಳನ್ನು ಪಕ್ಕಕ್ಕೆ ಕರೆದೆ.

"ಮಗಳೇ, ಎಲ್ಲಾ ಹೊಸ ಪುಸ್ತಕಕ್ಕೆ ಚೊಕ್ಕಗೆ ಇಳಿಸ್ಬಿಡು. ತಪ್ಪು ಬೇಡ."

"ಯಾಕೆ ತಪ್ಪಾಯ್ತು ಅನ್ನೋದು?"

"ಅದೂ ಬೇಡ."

ಅವಳು ಹೋಗಿ ಹೊಸ ಪುಸ್ತಕ ಬಿಚ್ಚಿ ಕೂತಳು.

ಶುಕ್ರವಾರ ದೋನ್ ರೆಮಿಹಿಯೋ ಅವಳ ಪುಸ್ತಕವನ್ನೇ ಎತ್ತಿ ಹಿಡಿದು, "ಪುಸ್ತಕ ಅಂದ್ರೆ ಇದು!" ಎಂದರು. ಸಂಜೆ ದೋನ್ಯಾ ಎವುಸೇಬಿಯಾ ಒಂದು ಪಾತ್ರೆ ಸಾರು ತಂದುಕೊಟ್ಟಳು. ಅದನ್ನು ಹಾಗೇ ಪಕ್ಕದ ಮನೆಗೆ ಕೊಟ್ಟುಬಿಟ್ಟೆ.

ಸೋಮವಾರ ಬೇಕೆಂದೇ ಬೋರ್ಡಿನ ಮೇಲೆ ಒಂಬತ್ತಾರಲಿ ಐವತ್ತಾರು ಎಂದು ಬರೆದೆ. ಪೆನ್ನುಗಳು ಓಡಿದವು. ಸುಲ್ಮಾಳದು ಮಾತ್ರ ನಿಂತಿತು. ಬೋರ್ಡು ನೋಡಿದಳು, ನನ್ನನ್ನು ನೋಡಿದಳು. ಕೈ ಎತ್ತು ತಾಯಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ತಲೆ ತಗ್ಗಿಸಿ ಬರೆದು, ಸ್ಕೇಲು ತೆಗೆದುಕೊಂಡಳು.

ಹತ್ತಿರ ಹೋಗಿ ಬಗ್ಗಿ ಕೇಳಿದೆ. "ತಪ್ಪು ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು, ಪ್ರೊಫೆ." ಕೆಂಪು ಗೆರೆಯನ್ನು ಕೊನೆಯವರೆಗೂ ಎಳೆದಳು. "ಆದ್ರೆ ಇದು ಚೊಕ್ಕ ಪುಸ್ತಕ ಅಲ್ವಾ?"