ಕಮೀಲನ ಇದ್ದಿಲು

"ಇದ್ದಿಲು ಅಂದ್ರೆ ಏನಂದ್ಕೊಂಡಿದೀಯ? ಮಣ್ಣಲ್ಲಿರೋ ವಿಷಾನ ಗಬಕ್ಕಂತ ಹಿಡ್ಕೊಂಡು ಕೂತುಬಿಡತ್ತೆ. ಬೇರಿಗೆ ಒಂದು ಚೂರೂ ಬಿಡಲ್ಲ," ಎಂದು ಕಮೀಲ್ ಊರಿನ ಸಾಮೂಹಿಕ ತೋಟದ ಗೇಟಿನಲ್ಲೇ ಲೋರೆಗೆ ಪಾಠ ಶುರುಮಾಡಿದ್ದ. ಲೋರೆ ಪುರಸಭೆಯ ಪರವಾಗಿ ಮಣ್ಣು ಪರೀಕ್ಷೆ ಮಾಡುವ ಹುಡುಗಿ. ಅವಳು ಓದಿದ್ದೇ ಅದನ್ನು. ಮೀನಿಗೆ ಈಜು ಕಲಿಸುತ್ತಿದ್ದಾನೆ ಬೊಕ್ಕತಲೆಯವನು ಎಂದುಕೊಂಡು ವಿವೀನಾ ಪಂಪಿನ ಪಕ್ಕದ ತನ್ನ ಪಾತಿಯಲ್ಲಿ ಕಳೆ ಕೀಳುತ್ತ ಕೂತೇ ಇದ್ದಳು. ಎದ್ದು ಹೋಗಿ ಮರ್ಯಾದೆ ಕೊಡಬೇಕಾದ ಆಸಾಮಿಯೇನಲ್ಲ ಅವನು.

ಕಮೀಲ್ ಅವಳ ಸತ್ತ ಗಂಡನ ತಮ್ಮ. ಊರಿನ ಸತುವಿನ ಕಾರ್ಖಾನೆಯಲ್ಲಿ ಜೀವನವಿಡೀ ಮೇಸ್ತ್ರಿಯಾಗಿದ್ದವನು. ಚಿಮಣಿಯಿಂದ ಬಿದ್ದ ಬೂದಿಯಲ್ಲಿ ಕ್ಯಾಡ್ಮಿಯಂ ಇದೆ, ತೋಟದ ಸೊಪ್ಪು ತಿನ್ನಬೇಡಿ ಎಂದು ಡಾಕ್ಟರರು ಮೊದಲ ಸಲ ಹೇಳಿದಾಗ, "ನಮ್ಮಪ್ಪ ಇದೇ ಸೆಲರಿ ತಿಂದು ತೊಂಬತ್ತು ದಾಟಿದ," ಎಂದು ಚರ್ಚಿನ ಮುಂದೆ ನಿಂತು ನಕ್ಕವನು. ಪಿಂಚಣಿ ಶುರುವಾದದ್ದೇ ತಡ, ಎಲ್ಲೋ ಇದ್ದಿಲಿನ ವಿಷಯ ಕೇಳಿಕೊಂಡು ಬಂದ. ತೋಟದ ಸಂಘಕ್ಕೆ ಅಧ್ಯಕ್ಷನೂ ಆಗಿ ಊರು ಉದ್ಧಾರಕ್ಕೆ ನಿಂತ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಗಿರಾಕಿ.

ಉಳಿದವರೆಲ್ಲ ಒಪ್ಪಿಕೊಂಡರೂ, ಅವನ ಇದ್ದಿಲು ತನ್ನ ಪಾತಿಗೆ ಬೇಡವೇ ಬೇಡ ಎಂದು ವಿವೀನಾ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. "ನಿನ್ನ ಒಲೆ ಬೂದೀನ ನಿನ್ನ ತಲೆ ಮೇಲೇ ಸುರ್ಕೋ ಕಮೀಲ್. ಅಲ್ಲಾದ್ರೂ ಏನಾದ್ರೂ ಬೆಳೆದೀತು." ಸಂಘದವರು ಬಿದ್ದು ಬಿದ್ದು ನಕ್ಕಿದ್ದರು. ಕಮೀಲನೂ ನಕ್ಕಿದ್ದ, ನಾಚಿಕೆಗೆಟ್ಟವನು.

ಆದರೆ ಇವತ್ತು ಲೋರೆ ತಂದಿರುವ ಫಲಿತಾಂಶದ ಮೇಲೆ ಎಲ್ಲರ ಪಾತಿಯೂ ನಿಂತಿತ್ತು. ಇದೇ ಕೊನೆಯ ಪರೀಕ್ಷೆ ಎಂದು ಪುರಸಭೆ ಹೇಳಿಬಿಟ್ಟಿತ್ತು. ಸೆಲರಿ ಪಾಸಾದರೆ ತೋಟ ಉಳಿಯುತ್ತದೆ, ಸಂಘದವರು ಸೆಲರಿ ಹಾಕಿ ಬೇಯಿಸುವ ಚಿಪ್ಪುಮೀನಿನ ಊಟಕ್ಕೆ ಹಾಲೆಂಡಿನವರ ಸಪ್ಪೆ ಸೆಲರಿ ಕೊಂಡು ತರುವ ಗತಿಗೇಡು ತಪ್ಪುತ್ತದೆ. ಇಲ್ಲದಿದ್ದರೆ ಮೇಲ್ಮಣ್ಣನ್ನೆಲ್ಲ ಕೆರೆದು ತೆಗೆದು, ಕಾಂಕ್ರೀಟು ಹಾಕಿ, ಕಾರು ನಿಲ್ಲಿಸುವ ಜಾಗ ಮಾಡುತ್ತಾರೆ. ವಿವೀನಾಗೆ ಮನೆ ಎಂದರೆ ಮಲಗುವ ಜಾಗ ಅಷ್ಟೆ. ಗಂಡ ಹೋದ ಮೇಲೆ ಅವಳು ಬದುಕಿದ್ದೇ ಈ ಪಾತಿಯಲ್ಲಿ.

ಅಷ್ಟಿದ್ದೂ ಅವಳು ಒಂದು ಮಾತನ್ನು ನುಂಗಿಕೊಂಡಿದ್ದಳು. ಹೋದ ಚಳಿಗಾಲದಲ್ಲಿ ಕಮೀಲ್ ಕಾಲುವೆಯ ಆಚೆಯಿಂದ ಟ್ರ್ಯಾಕ್ಟರಿನ ತುಂಬ ವಿಲೋ ಕೊಂಬೆಗಳನ್ನು ಹೇರಿಕೊಂಡು ಬರುವಾಗ ಅವಳು ದಂಡೆಯ ಮೇಲೆ ನಿಂತಿದ್ದಳು. ಇದ್ದಿಲು ಸುಡಲು ಪುಕ್ಕಟೆ ಸೌದೆ ಸಿಕ್ಕಿತೆಂದು ಅವನ ಮುಖ ಊರಗಲವಾಗಿತ್ತು. ಆ ವಿಲೋ ಮರಗಳನ್ನು ಅಲ್ಲಿ ನೆಟ್ಟದ್ದೇ ಬೇರುಗಳು ನೆಲದ ವಿಷವನ್ನು ಹೀರಿಕೊಳ್ಳಲಿ ಎಂದು. ನೆಟ್ಟವರಲ್ಲಿ ಅವಳ ಗಂಡನೂ ಒಬ್ಬ. ವಿಷವೇ ಇಲ್ಲ ಎಂದು ವಾದಿಸುತ್ತಿದ್ದ ಮೇಸ್ತ್ರಿಗೆ ಆಗ ಅದು ಕಿವಿಗೇ ಬಿದ್ದಿರಲಿಲ್ಲ. ವಿಷ ಕುಡಿದ ಮರವನ್ನು ಸುಟ್ಟರೆ ಇದ್ದಿಲೂ ವಿಷವೇ ಅಲ್ಲವೇ ಎಂದು ವಿವೀನಾಗೆ ಹೊಳೆದಿತ್ತು. ಹೊಳೆದೂ ಸುಮ್ಮನಿದ್ದಳು. ಸುಡಲಿ, ನಾಲ್ಕು ಜನರ ಮುಂದೆ ಮುಖಕ್ಕೆ ಮಸಿ ಬಳಿದುಕೊಳ್ಳಲಿ ಎಂದುಕೊಂಡಿದ್ದಳು. ಇನ್ನೊಂದು ಅವಕಾಶ ಇಲ್ಲ ಎನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ.

ಲೋರೆ ಎಲ್ಲರನ್ನೂ ಪಂಪಿನ ಬಳಿ ಕರೆದಳು. "ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಇದ್ದಿಲು ಹಾಕಿರೋ ಪಾತಿಗಳ ಸೆಲರಿಯಲ್ಲೇ ಕ್ಯಾಡ್ಮಿಯಂ ಜಾಸ್ತಿಯಾಗಿದೆ. ಯಾವ ಮರದ್ದು ಅದು?"

"ವಿಲೋ. ಕಾಲುವೆ ಆಚೇದು," ಎಂದ ಕಮೀಲ್.

ಲೋರೆ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಅವಳು ಮೆಲ್ಲಗೆ ಬಿಡಿಸಿ ಹೇಳಿ ಮುಗಿಸುವಷ್ಟರಲ್ಲಿ ಕಮೀಲ್ ಪಂಪಿಗೆ ಒರಗಿಕೊಂಡುಬಿಟ್ಟಿದ್ದ.

"ಕತ್ತೆಗೆ ಪಟ್ಟ ಕಟ್ಟಿದ್ರೆ ಇನ್ನೇನಾಗತ್ತೆ!" ವಿವೀನಾ ಎಲ್ಲರಿಗೂ ಕೇಳುವ ಹಾಗೆ ಅಂದಳು. ಎಷ್ಟೋ ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು.

"ಒಂದು ಪಾತಿ ಮಾತ್ರ ಚೆನ್ನಾಗಿ ಪಾಸಾಗಿದೆ," ಎಂದು ಲೋರೆ ಅವಳ ಕಾಲ ಬುಡಕ್ಕೆ ಕೈ ತೋರಿಸಿದಳು. "ಇದು."

"ಆಗ್ದೇ ಏನು? ನಾನು ಅವನ ಮಸಿ ಸೋಕ್ಸಿಲ್ಲವಲ್ಲ."

"ಇಲ್ಲ ಮೇಡಂ, ಇದರಲ್ಲೂ ಇದ್ದಿಲಿದೆ. ಅದಕ್ಕೇ ಪಾಸಾಗಿರೋದು."

ಎಲ್ಲರೂ ಕಮೀಲನ ಕಡೆ ತಿರುಗಿದರು. ಅವನು ಕಳ್ಳ ಸಿಕ್ಕಿಬಿದ್ದ ಹಾಗೆ ತಲೆ ಕೆರೆದುಕೊಂಡ. "ನೀನು ಮಂಡಿ ಆಪರೇಷನ್‌ಗೆ ಹೋಗಿದ್ಯಲ್ಲ ವಿವೀನಾ, ಆಗ ಹಾಕ್ದೆ. ಅಂಗಡಿಯಿಂದ ತಂದಿದ್ದ ಓಕ್ ಮರದ ಇದ್ದಿಲು, ಒಂದೇ ಪಾತಿಗಾಗೋಷ್ಟಿತ್ತು. ಅದು ಮುಗಿದ್ಮೇಲೆ ತಾನೆ ವಿಲೋಗೆ ಹೋಗಿದ್ದು. ಕೇಳಿದ್ರೆ ನೀನು ಬಿಡ್ತಿರಲಿಲ್ಲ."

"ಒಂದು ಪಾತಿ ಮುಖ ನೋಡಿ ತೋಟ ಬಿಡ್ತಾರಾ?" ಎಂದು ಯಾರೋ ಕೇಳಿದರು. ಲೋರೆ ಇಲ್ಲವೆಂದು ತಲೆಯಾಡಿಸಿದಳು. ಒಬ್ಬೊಬ್ಬರೇ ಸಲಿಕೆ, ಗುದ್ದಲಿ ಎತ್ತಿಕೊಂಡು, ಕಮೀಲನನ್ನು ಹಿಡಿಶಾಪ ಹಾಕುತ್ತ ಸೈಕಲ್ ಹತ್ತಿದರು. ಕೊನೆಗೆ ಉಳಿದವರು ಇವರಿಬ್ಬರೇ.

ವಿವೀನಾಗೆ ತನ್ನ ಮೇಲೇ ಅಸಹ್ಯವಾಯಿತು. ಅವನ ಮೇಲಿನ ಅಸಹ್ಯಕ್ಕಿಂತ ಇದು ಬೇರೆ ತರಹ.

"ಕಮೀಲ್, ಆ ವಿಲೋ ಮರಗಳು..."

"ಗೊತ್ತು. ನಾನು ಕೊಂಬೆ ತರ್ವಾಗ ನೀನು ದಂಡೆ ಮೇಲೆ ನಿಂತಿದ್ದೆ. ನಾನು ಕೈ ಬೀಸಿದ್ನಲ್ಲ."

"ಮತ್ತೆ?"

"ಮತ್ತೇನು? ನಾನು ತಪ್ಪು ಮಾಡ್ವಾಗ ನೀನು ಬಾಯ್ಮುಚ್ಕೊಂಡಿದ್ದ ದಿನ ಯಾವುದಿದೆ ಹೇಳು. ಅವತ್ತು ಒಂದು ಮಾತೂ ಬೈಲಿಲ್ಲ. ಸರಿಯಾಗೇ ಮಾಡ್ತಿದೀನಿ ಅಂದ್ಕೊಂಡು ಖುಷಿಯಾಗಿ ಹೋದೆ."

ಅವಳು ಬಗ್ಗಿ ಒಂದು ಬುಡ ಸೆಲರಿ ಕಿತ್ತು ಅವನ ಕೈಗೆ ಕೊಟ್ಟಳು. ಅವನು ಅದನ್ನು ಪಾತಿಯ ಮೇಲೇ ಹಿಡಿದು, ಬೇರಿಗೆ ಅಂಟಿದ್ದ ಕಪ್ಪು ಮಣ್ಣು ಒಂದು ಚೂರೂ ಆಚೆ ಬೀಳದ ಹಾಗೆ ಬೆರಳಿನಿಂದ ಬಿಡಿಸಿ ಬಿಡಿಸಿ ಮತ್ತೆ ಅವಳ ಪಾತಿಗೇ ಉದುರಿಸಿದ.