ನಕ್ಷೆಯಲ್ಲಿಲ್ಲದ ತಂತಿ

ನನ್ನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ವಾಯುಪಡೆಯ ನಕ್ಷೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತು, ಕಂಡವರ ಟವರು, ಕಂಡವರ ತಂತಿಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತಿಸಿದವನು ನಾನು, ಸೋಮಯ್ಯ. ಆದರೆ ಕಕ್ಕಬೆಯ ನಮ್ಮದೇ ತೋಟದಲ್ಲಿ, ಕಣಿವೆಗೆ ಅಡ್ಡಲಾಗಿ ನಾನೇ ಕಟ್ಟಿಸಿದ ಉಕ್ಕಿನ ತಂತಿಯನ್ನು ಯಾರಿಗೂ ತಿಳಿಸಿರಲಿಲ್ಲ. ಏಲಕ್ಕಿ ಮೂಟೆ ಸಾಗಿಸುವ ತಂತಿ ತಾನೆ, ಅದಕ್ಕೆಲ್ಲ ಯಾರು ಅರ್ಜಿ ಬರೆಯುತ್ತಾ ಕೂರುತ್ತಾರೆ ಎಂಬ ದರಿದ್ರ ಸೋಮಾರಿತನ.

ಆಗಸ್ಟಿನಲ್ಲಿ ಗುಡ್ಡ ಜರಿದು ರಸ್ತೆ, ಸೇತುವೆ ಎರಡೂ ಹೋದವು. ಆಚೆ ದಡದಲ್ಲಿ ಸಿಕ್ಕಿಕೊಂಡ ಮಗ ದಿಗಂತ್ ಅದೇ ತಂತಿಯ ಮೇಲೆ ನಮಗೆ ಅಕ್ಕಿ, ಮಾತ್ರೆ ಕಳಿಸುತ್ತಿದ್ದ. ಆದರೆ ಡಯಾಲಿಸಿಸ್ ಯಂತ್ರ ತಂತಿಯ ಮೇಲೆ ಬರುತ್ತದೆಯೇ? ನನ್ನ ಹೆಂಡತಿ ಸರೋಜಳಿಗೆ ಮಡಿಕೇರಿ ಆಸ್ಪತ್ರೆಯ ಎರಡು ಸರದಿ ತಪ್ಪಿತ್ತು. ಮುಖ ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿಸಿ ಕೂರಿಸಿದ್ದೆ.

ಆರನೆಯ ದಿನ ಬೆಳಿಗ್ಗೆ ವಾಯುನೆಲೆಯಿಂದ ಫೋನ್ ಬಂತು. ಹಾರಾಟದ ದಾರಿ ಗುರುತಿಸುವ ಅಧಿಕಾರಿ ಚಿದಾನಂದ.

"ನಿಮ್ಮ ಮನೆಯವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಹನ್ನೊಂದಕ್ಕೆ ಹೆಲಿಕಾಪ್ಟರ್ ಹೊರಡುತ್ತೆ ಸರ್. ಬೆಟ್ಟದ ಮೇಲೆಲ್ಲ ಮೋಡ, ಕಣಿವೆ ಒಳಗೇ ಬರ್ಬೇಕು. ಚಾರ್ಟಲ್ಲಿ ಕಣಿವೆ ಕ್ಲಿಯರ್ ಇದೆ."

ಬೆರಳು ದಪ್ಪದ ತಂತಿ ಹಾರುವವನಿಗೆ ಕಾಣುವುದಿಲ್ಲ. ಕಂಡರೂ ತಿರುಗಿಸಲು ಹೊತ್ತಿರುವುದಿಲ್ಲ. ಸುಮ್ಮನಿದ್ದರೆ ಉಳಿಸಲು ಬಂದವರೂ ಸಾಯುತ್ತಾರೆ. ಹೇಳಿಬಿಟ್ಟೆ. ತಂತಿಯ ಉದ್ದ, ಎತ್ತರ, ದಿಕ್ಕು, ನನ್ನ ಇಪ್ಪತ್ತೆರಡು ವರ್ಷದ ಸೇವೆ, ಎಲ್ಲವನ್ನೂ.

"ಮಾರ್ಕ್ ಮಾಡ್ದೆ ಸರ್. ಇನ್ನು ಕಣಿವೇಲಿ ಬರೋಕಾಗಲ್ಲ."

"ಕತ್ತರಿಸಿ ಹಾಕ್ತೇನೆ. ಒಂದು ಗಂಟೆ ಕೊಡಿ!"

ದಿಗಂತನಿಗೆ ಫೋನ್ ಮಾಡಿ, ತಂತಿಯಿಂದ ದೂರ ನಿಲ್ಲು ಎಂದೆ. ಅವನು ಕಿರುಚಿದ. "ಅಪ್ಪ, ಅದ್ ಹೋದ್ರೆ ಅವ್ವಂಗೆ ಮಾತ್ರೆ ಹೆಂಗೆ ಕಳ್ಸುದು? ಬೇರೆ ದಾರಿ ಇಲ್ಲೆ!"

ನನಗೂ ಗೊತ್ತಿತ್ತು. ಆದರೂ ಗರಗಸ ಹಿಡಿದೆ. ಮೂರು ಬ್ಲೇಡು ಮುರಿದವು, ಅಂಗೈ ಕಿತ್ತುಹೋಯಿತು. ಹತ್ತೂಮುಕ್ಕಾಲಿಗೆ ತಂತಿ ತುಂಡಾಗಿ ಕಣಿವೆಗೆ ಬಿತ್ತು. ಏದುಸಿರು ಬಿಡುತ್ತಾ ಮನೆಗೆ ಓಡಿ ಚಿದಾನಂದನಿಗೆ ಹೇಳಿದೆ.

"ಸರ್, ಗುರುತು ಹಾಕೋಕೆ ಯಾರಾದ್ರೂ ಒಬ್ರು ಹೇಳಿದ್ರೆ ಸಾಕು. ತೆಗೆಯೋಕೆ ನಮ್ಮವರೇ ಕಣ್ಣಾರೆ ನೋಡ್ಬೇಕು. ನಿಮಗೆ ಗೊತ್ತಿಲ್ದೇ ಇರುತ್ತಾ?"

"ಹಾಗಾದ್ರೆ ಬಂದು ನೋಡಿ!"

"ಮೋಡ ಎದ್ದ ಮೇಲೆ. ನಾಳೆ, ಇಲ್ಲಾಂದ್ರೆ ನಾಳಿದ್ದು."

"ನಾಳೆಗೆ ಇವಳು ಇರೋದಿಲ್ಲ ಮಾರಾಯ!" ಬೈದೆ, ಅತ್ತೆ, ನಿನ್ನ ಕಾಲಿಗೆ ಬೀಳ್ತೇನೆ ಎಂದೆ. ನಾಚಿಕೆ ಎಲ್ಲಿ ಉಳಿದಿತ್ತು?

ಅವನು ದನಿ ತಗ್ಗಿಸಿದ. "ಸರ್, ನೀವೇ ಹೇಳಿ. ಫೋನಲ್ಲಿ ಹೇಳಿದ್ರೂಂತ ನೀವು ಎಷ್ಟು ಗುರುತು ಅಳಿಸಿದ್ದೀರಿ?"

ಹತ್ತು ಎನ್ನಬಹುದಿತ್ತು. ಒಂದು ಎಂದಿದ್ದರೂ ಸಾಕಿತ್ತು, ಅವನು ಅದನ್ನೇ ಕಾಯುತ್ತಿದ್ದ. ಹಾಳು ಬಾಯಿಗೆ ಸುಳ್ಳಿನ ಅಭ್ಯಾಸವೇ ಇರಲಿಲ್ಲ.

"ಒಂದೂ ಇಲ್ಲ," ಎಂದೆ.

"ಕ್ಷಮಿಸಿ ಸರ್." ಫೋನ್ ಇಟ್ಟ.

ಸರೋಜ ಕಣ್ಣು ತೆರೆದಳು. ಹೆಲಿಕಾಪ್ಟರ್ ಬರುತ್ತಿದೆಯೇ ಎಂದು ಒಂದೊಂದೇ ಮಾತಿಗೆ ಉಸಿರೆಳೆದುಕೊಂಡು ನಮ್ಮ ಮನೆಮಾತಿನಲ್ಲಿ ಕೇಳಿದಳು. "ಎಂತ ಹೇಳ್ದೊ? ಬರ್ತಾ ಉಟ್ಟಾ?"

ಅವಳ ಪಕ್ಕ ಕೂತು ಕೈ ಹಿಡಿದುಕೊಂಡೆ.

"ಹೂಂ," ಎಂದೆ. "ಬರ್ತಾ ಉಟ್ಟು."